ಜನವರಿಗೇ ಬತ್ತುವ ತೋಡಿಗೆ ನಾಲ್ಕೈದು ಮನೆಯವರು ಸೇರಿ ಏನಾದರೂ ಮಾಡಬಹುದಾ?

ನಿಮ್ಮ ಪ್ರಶ್ನೆ ಓದುವಾಗ ನಮ್ಮ ತೋಡೇ ಕಣ್ಣೆದುರು ಬಂತು. ಸುಳ್ಯದ ಕಡೆ ನಿಮ್ಮ ಅಡಿಕೆ ತೋಟ, ಪಕ್ಕದಲ್ಲೇ ತೋಡು (ಸಣ್ಣ ಹಳ್ಳ), ಜನವರಿ ಬಂತೆಂದರೆ ಬರೀ ಹೊಯಿಗೆ (ಮರಳು) ಮತ್ತು ಕಲ್ಲು. ನಾಲ್ಕೈದು ಮನೆಯವರು ಸೇರಿದರೆ ಆಗುತ್ತದಾ, ಇಲ್ಲ ಸರ್ಕಾರದ ಕಿಂಡಿ ಅಣೆಕಟ್ಟಿಗೇ (ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಟ್ಟೆ) ಕಾಯಬೇಕಾ ಅಂತ ಕೇಳಿದ್ದೀರಿ. ಕಾಯಬೇಡಿ. ಆದರೆ ನಾಲ್ಕೈದು ಮನೆ ಸಾಲದು. ತೋಡಿನ ಮೇಲಿನವರು, ಕೆಳಗಿನವರು ಎಲ್ಲರೂ ಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು.

ನಾನು ಕಾಸರಗೋಡು ಗಡಿ ಭಾಗದ ಅಡಿಕೆ ಕೃಷಿಕ. ನಮ್ಮಲ್ಲಿ ಮಳೆಗೆ ಬರ ಇಲ್ಲ, ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿಯೇ ಸುರಿಯುತ್ತದೆ. ಆದರೆ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದಲ್ಲಿ ಇಂಗಿದ ನೀರೂ ಬಹಳ ದಿನ ನಿಲ್ಲುವುದಿಲ್ಲ, ಜಿನುಗಿ ತೋಡಿಗೆ ಇಳಿಯುತ್ತದೆ. ಹಿಂದಿನವರು ಅದನ್ನು ಹಿಡಿಯಲಿಕ್ಕೆಂದೇ ವರ್ಷವೂ ಕಟ್ಟ, ಅಂದರೆ ತೋಡಿಗೆ ಅಡ್ಡ ತಾತ್ಕಾಲಿಕ ಒಡ್ಡು, ಹಾಕುತ್ತಿದ್ದರು. ಆಮೇಲೆ ಪಂಪ್ ಬಂತು, ಬೋರ್‌ವೆಲ್ ಬಂತು. ಸ್ವಿಚ್ ಒತ್ತಿದರೆ ನೀರು ಬರುವಾಗ ಡಿಸೆಂಬರ್ ಚಳಿಯಲ್ಲಿ ತೋಡಿಗಿಳಿದು ಮಣ್ಣು ಮೆಟ್ಟುವವರು ಯಾರು? ಒಂದೊಂದಾಗಿ ಕಟ್ಟಗಳು ನಿಂತವು. ಮಾರ್ಚ್‌ವರೆಗೆ ನೀರಿರುತ್ತಿದ್ದ ಬಾವಿಗಳೂ ಅದರ ಹಿಂದೆಯೇ ಬತ್ತಿದವು.

ಮೊದಲ ವರ್ಷ ನಾನು ಮತ್ತು ಪಕ್ಕದ ಮನೆಯವರು ಸೇರಿ ಒಂದೇ ಒಂದು ಕಟ್ಟ ಹಾಕಿದೆವು. ಮೂರು ದಿನಕ್ಕೆ ತುಂಬಿತು. ಎಷ್ಟು ಖುಷಿಯಾಗಿತ್ತು ಗೊತ್ತಾ! ಎರಡು ವಾರ ಕಳೆಯುವಾಗ ಅರ್ಧಕ್ಕೆ ಇಳಿಯಿತು. ಕೆಳಗೆ ತೋಡು ಒಣಗಿದ್ದರಿಂದ ನೀರೆಲ್ಲ ಬುಡದಿಂದ ಆ ಕಡೆಗೇ ಎಳೆದುಕೊಂಡು ಹೋಗುತ್ತಿತ್ತು. ಅದಕ್ಕಿಂತ ಬೇಸರದ್ದು ಇನ್ನೊಂದು. ಕೆಳಮನೆಯ ಹಿರಿಯರು, ನಾನು ಮಾವ ಅಂತ ಕರೆಯುವವರು, ಕಟ್ಟದ ಮೇಲೆ ಬಂದು ನಿಂತು, "ನೀನು ಒಬ್ಬನೇ ತೋಟ ಮಾಡುವುದಾ? ನಮ್ಮ ದನ ಎಲ್ಲಿ ನೀರು ಕುಡಿಯಬೇಕು?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು.

ಮರುವರ್ಷ ಅವರನ್ನೂ ಕರೆದುಕೊಂಡು ಏತಡ್ಕಕ್ಕೆ ಹೋದೆವು. ನಮ್ಮ ಜಿಲ್ಲೆಯದ್ದೇ ಊರು. ಅಲ್ಲಿ ಕಟ್ಟ ಹಾಕುವುದು ದಶಕಗಳಿಂದ ನಡೆದುಕೊಂಡು ಬಂದಿದೆ, ಅದೂ ಒಂದೇ ತೋಡಿಗೆ ಸಾಲಾಗಿ. ನಮ್ಮ ಜಿಲ್ಲೆಯದ್ದೇ ಪಡ್ರೆ ಊರಿನವರೂ 2019ರ ಬರದ ನಂತರ ಅಲ್ಲಿನ ಸ್ವರ್ಗ ತೋಡಿಗೆ ಹೀಗೇ ಸಾಲು ಕಟ್ಟ ಹಾಕಿದರು. ಗಮನಿಸಬೇಕಾದ್ದು ಇಷ್ಟು: ಕೆಳಗಿನ ಕಟ್ಟದಲ್ಲಿ ನಿಂತ ನೀರು ಹಿಂದಕ್ಕೆ ಹರಡಿ ಮೇಲಿನ ಕಟ್ಟದ ಬುಡಕ್ಕೆ ಮುಟ್ಟಬೇಕು. ಆಗ ಮೇಲಿನ ಕಟ್ಟ ಸೋರಿದರೂ ನಷ್ಟ ಅಲ್ಲ, ಅದು ಕೆಳಗಿನವರ ಪಾಲು. ಅದನ್ನು ನೋಡಿದ ಮೇಲೆ ಮಾವನೇ ಮೊದಲು, "ನಮ್ಮ ಬದಿಗೂ ಒಂದು ಹಾಕುವ" ಅಂದರು.

ನೀವೂ ಮೊದಲು ತೋಡಿನ ತಲೆಯಿಂದ ಹೊಳೆ ಸೇರುವಲ್ಲಿಯವರೆಗೆ ನಡೆಯಿರಿ. ಮನೆಗೊಬ್ಬರು ಬರಲಿ. ಎಲ್ಲಿ ತೋಡು ಕಿರಿದು, ಎಲ್ಲಿ ಅಡಿಯಲ್ಲಿ ಪಾದೆಕಲ್ಲು (ಹಾಸುಬಂಡೆ) ಇದೆ, ಹಳೆಯ ಕಟ್ಟದ ಗುರುತು ಎಲ್ಲಿದೆ, ಎಲ್ಲ ನಡೆದರೇ ಗೊತ್ತಾಗುವುದು. ಹಿಂದಿನವರು ಜಾಗವನ್ನು ಸುಮ್ನೆ ಆರಿಸಿಲ್ಲ. ದಡದ ಕೇದಗೆಯನ್ನು ಚೊಕ್ಕ ಮಾಡುತ್ತೇವೆ ಅಂತ ಕಡಿಯಬೇಡಿ. ದಡದ ಮಣ್ಣನ್ನು ಹಿಡಿದು ನಿಲ್ಲಿಸಿರುವುದು ಅದರ ಬೇರು.

ಇನ್ನು ಕಟ್ಟುವ ವಿಷಯ. ಬೇಗ ಹಾಕಿದರೆ ನವೆಂಬರ್‌ನ ಮಳೆ ಕೊಚ್ಚಿಕೊಂಡು ಹೋಗುತ್ತದೆ, ತಡ ಮಾಡಿದರೆ ತುಂಬಲು ಹರಿವೇ ಇರುವುದಿಲ್ಲ. ನಮ್ಮಲ್ಲಿ ಡಿಸೆಂಬರ್ ಮೊದಲ ಎರಡು ವಾರ ಹದವಾದ ಹೊತ್ತು. ಮೊದಲೆಲ್ಲ ಎರಡು ಸಾಲು ಕಲ್ಲಿಟ್ಟು ನಡುವೆ ಮಣ್ಣು ಮೆಟ್ಟುತ್ತಿದ್ದರು. ಈಗ ನಾವು ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿ ಪೇರಿಸಿ, ನೀರು ನಿಲ್ಲುವ ಬದಿಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹೊದೆಸುತ್ತೇವೆ. ಶೀಟಿನ ಕೆಳ ಅಂಚನ್ನು ಸುಮ್ಮನೆ ಹೊಯಿಗೆ ಮೇಲೆ ಬಿಡಬೇಡಿ. ಒಂದೂವರೆ ಅಡಿ ಚರಂಡಿ ತೋಡಿ, ಅಂಚನ್ನು ಒಳಗಿಳಿಸಿ, ಅಂಟು ಮಣ್ಣು ಹಾಕಿ ಕಾಲಲ್ಲಿ ಮೆಟ್ಟಿ. ನಾವು ಆ ಒಂದು ಕೆಲಸಕ್ಕೇ ಅರ್ಧ ದಿನ ಕೊಡುತ್ತೇವೆ, ಯಾಕೆಂದರೆ ಸೋರಿಕೆ ಹೆಚ್ಚಾಗಿ ಬುಡದಲ್ಲೇ. ಎತ್ತರ ನಾಲ್ಕೈದು ಅಡಿ ಸಾಕು, ತೋಟದ ಬುಡಕ್ಕೆ ನೀರು ನುಗ್ಗಬಾರದು. ನಡುವಿನಲ್ಲಿ ಸ್ವಲ್ಪ ತಗ್ಗು ಇಟ್ಟರೆ ತುಂಬಿದ ಮೇಲೆ ಹೆಚ್ಚಿನ ನೀರು ತಾನಾಗಿ ಕೆಳಗೆ ಇಳಿಯುತ್ತದೆ. ಮೇ ಕೊನೆಗೆ ಶೀಟ್ ಮತ್ತು ಚೀಲಗಳನ್ನು ತೆಗೆದಿಡಿ. ಇಲ್ಲದಿದ್ದರೆ ಪ್ಲಾಸ್ಟಿಕ್ಕೆಲ್ಲ ಹೊಳೆ ಪಾಲು.

ಒಪ್ಪಂದ ಬಾಯಿಮಾತಿನದ್ದಾದರೂ ಮೊದಲೇ ಆಗಲಿ. ನಮ್ಮದು ಎರಡೇ. ಎಲ್ಲ ಕಟ್ಟಗಳ ಮೇಲೂ ನೀರು ಹರಿಯುವವರೆಗೆ ಯಾರೂ ತೋಡಿಗೆ ಪಂಪ್ ಇಳಿಸುವಂತಿಲ್ಲ. ಮನೆಗೆ ಒಂದು ಆಳಿನ ಕೆಲಸ, ಬರಲಾಗದವರು ಒಂದು ದಿನದ ಕೂಲಿ ಕೊಡುವುದು. ತೋಟ ಇಲ್ಲದ, ಬರೀ ಬಾವಿ ಇರುವ ಮನೆಯವರನ್ನೂ ಮರೆಯಬೇಡಿ. ಅವರಿಗೂ ಲಾಭ ಇದೆ, ಅಲ್ವಾ?

ತೋಡು ಸರ್ಕಾರದ ಜಾಗ, ಹಾಗಾಗಿ ಪಂಚಾಯತ್‌ಗೆ ಮೊದಲೇ ತಿಳಿಸಿ. ಹೂಳು ತೆಗೆಯುವುದನ್ನು ಉದ್ಯೋಗ ಖಾತರಿಯಲ್ಲಿ ಸೇರಿಸಲು ಗ್ರಾಮಸಭೆಯಲ್ಲಿ ಕೇಳಿ. ಪಶ್ಚಿಮಕ್ಕೆ ಹರಿಯುವ ಹೊಳೆಗಳಿಗೆಂದು ಕರ್ನಾಟಕ ಸರ್ಕಾರ ತಂದ ಪಶ್ಚಿಮ ವಾಹಿನಿ ಯೋಜನೆಯಲ್ಲಿ ಕಿಂಡಿ ಅಣೆಕಟ್ಟು ಸಿಕ್ಕಿದರೆ ಬೇಡ ಅನ್ನಬೇಡಿ. ಆದರೆ ಅದಕ್ಕೂ ಹೊತ್ತಿಗೆ ಸರಿಯಾಗಿ ಹಲಗೆ ಹಾಕುವ ಜನ ಬೇಕು. ನಮ್ಮ ಹತ್ತಿರ ಒಂದು ಕಡೆ ಹಲಗೆ ಹಾಕುವವರಿಲ್ಲದೆ ನೀರು ಖಾಲಿ ಕಿಂಡಿಗಳಲ್ಲೇ ಹರಿದುಹೋಗುವುದನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಫಲ ಒಂದೇ ವರ್ಷಕ್ಕೆ ಪೂರ್ತಿ ಕಾಣುವುದಿಲ್ಲ. ನಮ್ಮ ಬಾವಿಯ ಒಳಗೋಡೆಗೆ ನಾನು ಸುಣ್ಣದ ಗೆರೆ ಎಳೆದಿದ್ದೆ. ಮೊದಲು ಫೆಬ್ರವರಿ ನಡುವಿನಲ್ಲಿ ನೀರು ಆ ಗೆರೆಗೆ ಇಳಿಯುತ್ತಿತ್ತು. ಸಾಲು ಕಟ್ಟ ಹಾಕಿದ ಮೂರನೇ ವರ್ಷ ಮಾರ್ಚ್ ಕೊನೆಗೆ ಇಳಿಯಿತು. ಏಪ್ರಿಲ್, ಮೇಯಲ್ಲಿ ಈಗಲೂ ಕಷ್ಟ ಇದೆ. ಆದರೆ ಕೆಳಮನೆಯ ದನಗಳು ತೋಡಿಗೇ ಇಳಿದು ನೀರು ಕುಡಿಯುತ್ತವೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಎಲ್ಲರನ್ನೂ ಕರೆದುಕೊಂಡು ತೋಡಿನಲ್ಲಿ ನಡೆಯಿರಿ. ಈಗಿನಿಂದಲೇ ಖಾಲಿ ಚೀಲಗಳನ್ನು ಕೂಡಿಡಲು ಪ್ರತಿ ಮನೆಗೂ ಹೇಳಿ. ಒಂದು ಕಟ್ಟಕ್ಕೆ ಮುನ್ನೂರಾದರೂ ಬೇಕಾಗುತ್ತದೆ.