ತಪ್ಪಿದ ದಿನದ ಮರುದಿನ: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸಿದ್ದೇನೆ.

46 ವರ್ಷದ ಈ ಮಹಿಳೆ ದಿನದ ಬಹುಭಾಗ ಕುಳಿತೇ ಮಾಡುವ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯ ಸೂಚಕ) ಪ್ರಮಾಣ ಶೇ. 6.1 ಬಂದಿತ್ತು. 5.7ರಿಂದ 6.4ರವರೆಗಿನ ಪ್ರಮಾಣವನ್ನು ಮಧುಮೇಹಪೂರ್ವ ಹಂತವೆಂದು ಪರಿಗಣಿಸುವುದರಿಂದ, ವೈದ್ಯರು ದಿನನಿತ್ಯದ ನಡಿಗೆ ಮತ್ತು ಸರಿಯಾದ ನಿದ್ರೆಯನ್ನು ಸೂಚಿಸಿದ್ದರು. ನನ್ನ ಬಳಿ ಬಂದಾಗ ಅವರು ಮೊದಲು ಆಡಿದ ಮಾತು, "ನನಗೆ ಛಲ ಅನ್ನುವುದೇ ಇಲ್ಲ" ಎಂಬುದು. ಮೂರು ವರ್ಷಗಳಲ್ಲಿ ಐದು ಬಾರಿ ಆರಂಭಿಸಿ ಐದು ಬಾರಿಯೂ ಬಿಟ್ಟಿದ್ದರು.

ಅವರು ತಂದಿದ್ದ ಪುಟ್ಟ ನೋಟ್‌ಬುಕ್ಕನ್ನು ಇಬ್ಬರೂ ಕೂತು ತಿರುವಿ ಹಾಕಿದೆವು. ಒಂದು ಪುಟದಲ್ಲಿ ಸತತ 41 ದಿನಗಳ ಗುರುತು, ಒಂದೊಂದರ ಮುಂದೆಯೂ ನೀಲಿ ಶಾಯಿಯ ಅಚ್ಚುಕಟ್ಟಾದ ಸರಿಚಿಹ್ನೆ. 42ನೆಯ ದಿನ ಜ್ವರ. ಅದರ ಮುಂದಿನ ಪುಟವನ್ನು ಹರಿದು ತೆಗೆದಿದ್ದರು, ಹೊಲಿಗೆಯ ಬಳಿ ಕಾಗದದ ಅಂಚು ಮಾತ್ರ ಉಳಿದಿತ್ತು. ಜ್ವರ ಮೂರು ದಿನಕ್ಕೆ ಇಳಿಯಿತು, ಆದರೆ ಅವರು ಮತ್ತೆ ನಡೆಯಲು ಹೊರಟದ್ದು ಏಳು ತಿಂಗಳ ನಂತರ. ಉಳಿದ ನಾಲ್ಕು ಸಲವೂ ಹೆಚ್ಚುಕಡಿಮೆ ಹೀಗೆಯೇ ಆಗಿತ್ತು: ನಿಂತದ್ದಕ್ಕೆ ಕಾರಣ ಚಿಕ್ಕದು, ನಿಂತ ಮೇಲಿನ ಬಿಡುವು ಮಾತ್ರ ದೊಡ್ಡದು. 41 ದಿನ ಬಿಡದೆ ನಡೆದವರಿಗೆ ಛಲವಿಲ್ಲ ಎನ್ನುವುದನ್ನು ನಾನು ಒಪ್ಪಲಿಲ್ಲ. ಅವರಿಗೆ ಆರಂಭಿಸುವುದೂ ಬರುತ್ತಿತ್ತು, ಮುಂದುವರಿಸುವುದೂ ಬರುತ್ತಿತ್ತು. ಬಾರದೇ ಇದ್ದದ್ದು ಮರಳುವುದು ಒಂದೇ.

ಖಿನ್ನತೆಯ ಲಕ್ಷಣಗಳಿವೆಯೇ ಎಂದು ಮೊದಲು ವಿಚಾರಿಸಿದೆ, ಏಕೆಂದರೆ ಎಲ್ಲದರಲ್ಲೂ ಆಸಕ್ತಿ ಬತ್ತಿಹೋಗಿರುವವರಿಗೆ ವ್ಯಾಯಾಮದ ಯೋಜನೆ ಹಾಕಿಕೊಡುವುದು ಅವರ ಹೊರೆಯನ್ನು ಹೆಚ್ಚಿಸಿದಂತೆಯೇ ಸರಿ. ಅಂಥದ್ದೇನೂ ಇರಲಿಲ್ಲ.

ಎರಡನೆಯ ಭೇಟಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಅವರ ಉತ್ಸಾಹ ಕಂಡು, ಬೆಳಗಿನ ನಡಿಗೆ, ರಾತ್ರಿ ಬೇಗ ಮಲಗುವುದು, ಸಿಹಿ ಕಡಿಮೆ ಮಾಡುವುದು, ಮೂರನ್ನೂ ಸೇರಿಸಿ ವೇಳಾಪಟ್ಟಿ ಮಾಡಲು ನೆರವಾದೆ. ಹತ್ತನೆಯ ದಿನಕ್ಕೆ ಮೂರೂ ಒಟ್ಟಿಗೆ ಕುಸಿದವು. ಆ ಸೋಲಿನ ಬಗ್ಗೆ ಮಾತನಾಡುವಾಗಲೇ, ಚಿಕ್ಕಂದಿನಿಂದ ಮನೆಯಲ್ಲಿ ಕೇಳುತ್ತಾ ಬಂದ ಮಾತೊಂದನ್ನು ಅವರು ನೆನಪಿಸಿಕೊಂಡರು: "ಮಾಡಿದರೆ ನೆಟ್ಟಗೆ ಮಾಡು, ಇಲ್ಲದಿದ್ದರೆ ಬಿಟ್ಟುಬಿಡು." ಈ ಮಾತು ಲೆಕ್ಕಪತ್ರದ ಕೆಲಸದಲ್ಲಿ ಅವರನ್ನು ಮೇಲೆತ್ತಿತ್ತು, ನಡಿಗೆಯಲ್ಲಿ ಮಾತ್ರ ಪ್ರತಿ ಸಲವೂ ಅದರ ಎರಡನೆಯ ಅರ್ಧವೇ ಗೆಲ್ಲುತ್ತಿತ್ತು. ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ಅಲನ್ ಮಾರ್ಲಟ್ ಎಂಬ ಮನೋವಿಜ್ಞಾನಿ ಇದೇ ಬಗೆಯ ಕುಸಿತವನ್ನು ವಿವರಿಸಿದ್ದಾರೆ: ನಿಯಮ ಒಮ್ಮೆ ಮುರಿದಾಗ ಅದನ್ನು ತನ್ನ ಸ್ವಭಾವದ ದೋಷವೆಂದು ಓದಿಕೊಂಡವರು ಪೂರ್ತಿ ಕೈಚೆಲ್ಲುವ ಸಂಭವ ಹೆಚ್ಚು.

ಆದ್ದರಿಂದ ಯೋಜನೆಯನ್ನು ಬದಲಿಸಿದೆವು. ನಡಿಗೆಯೊಂದನ್ನೇ ಇಟ್ಟುಕೊಂಡು ಮಿಕ್ಕಿದ್ದನ್ನು ಬದಿಗಿಟ್ಟೆವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು ಸೂಚಿಸುತ್ತದೆ. ಲೆಕ್ಕ ಇರುವುದು ವಾರಕ್ಕೆ, ದಿನಕ್ಕಲ್ಲ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಆಗಬೇಕೆಂದು ಹಿಂದೆ ಇದ್ದ ಷರತ್ತನ್ನೂ ಅದರಲ್ಲಿ ಕೈಬಿಡಲಾಗಿದೆ. ಇದನ್ನು ಕೇಳಿದಾಗ ಅವರ ಮುಖದಲ್ಲಿ ನಿರಾಳತೆ ಕಂಡೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದ ವಿಷಯವನ್ನೂ ತಿಳಿಸಿದೆ. 96 ಮಂದಿಯನ್ನು 12 ವಾರ ಗಮನಿಸಿದ ಆ ಅಧ್ಯಯನದ ಅಂದಾಜಿನಂತೆ, ಹೊಸ ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು, ಮಧ್ಯದ ಅಂಕಿ 66. ನಡುವೆ ಒಂದು ದಿನ ತಪ್ಪಿದರೆ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಿರಲಿಲ್ಲ. 21 ದಿನದಲ್ಲಿ ರೂಢಿ ಬೇರೂರುತ್ತದೆ ಎಂದು ನಂಬಿ ಬರುವವರನ್ನು ನಾನು ಆಗಾಗ ಕಾಣುತ್ತೇನೆ, 22ನೆಯ ದಿನ ಕಷ್ಟವಾದಾಗ ಅವರು ತಮ್ಮನ್ನೇ ಹಳಿದುಕೊಳ್ಳುವುದನ್ನು ನೋಡಿ ನೋವಾಗುತ್ತದೆ.

ಮುಂದಿನ ಹೆಜ್ಜೆಯಾಗಿ ಮರಳುವ ದಿನವನ್ನು ಮೊದಲೇ ಬರೆದಿಡಲು ಹೇಳಿದೆ. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆ ತೋರಿಸಿದಂತೆ, "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಸಂದರ್ಭಸಹಿತ ನಿರ್ಧರಿಸಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಅದನ್ನು ಪಾಲಿಸುತ್ತಾರೆ. ಅವರು ಬರೆದುಕೊಂಡದ್ದು ಇಷ್ಟು: "ಕೆಲಸದಿಂದ ಮನೆಗೆ ಬಂದಾಗ ಕೂರುವ ಮೊದಲೇ ಶೂ ಬದಲಿಸುತ್ತೇನೆ. ನಡಿಗೆ ತಪ್ಪಿದ್ದರೆ ಮರುದಿನ ಐದು ನಿಮಿಷ ನಡೆದು ಹಿಂತಿರುಗುತ್ತೇನೆ, ಬಿಟ್ಟದ್ದನ್ನು ಸೇರಿಸಿ ನಡೆಯುವುದಿಲ್ಲ." ಕೊನೆಯ ವಾಕ್ಯ ನನ್ನ ಒತ್ತಾಯದಿಂದ ಸೇರಿದ್ದು, ಏಕೆಂದರೆ ಬಾಕಿ ತೀರಿಸುವ ಲೆಕ್ಕಕ್ಕೆ ಬಿದ್ದರೆ ನಡಿಗೆ ದಂಡದಂತೆ ಕಾಣತೊಡಗುತ್ತದೆ. ನೋಟ್‌ಬುಕ್ಕಿನಲ್ಲಿ ಸತತ ದಿನಗಳನ್ನು ಎಣಿಸುವುದನ್ನು ನಿಲ್ಲಿಸಿ, ತಪ್ಪಿದ ಮೇಲೆ ಮರಳಲು ಎಷ್ಟು ದಿನ ಹಿಡಿಯಿತು ಎಂಬುದನ್ನು ಮಾತ್ರ ಬರೆಯುವಂತೆ ಕೇಳಿಕೊಂಡೆ. ಮನೆಯವರಿಗೂ ಒಂದು ಕೋರಿಕೆಯಿತ್ತು. "ಇವತ್ತು ಹೋಗಲಿಲ್ಲವಾ?" ಎಂಬ ಪ್ರಶ್ನೆಯಲ್ಲಿ ಕಾಳಜಿಯೇ ಇದ್ದರೂ ಅವರ ಕಿವಿಗೆ ಅದು ಆರೋಪವಾಗಿ ಬೀಳುತ್ತಿದ್ದುದರಿಂದ, ಅದನ್ನು ಕೇಳಬಾರದೆಂದು ತಿಳಿಸಲು ಹೇಳಿದೆ.

ಮೊದಲ ತಿಂಗಳು ಮರಳಲು ಆರು ದಿನ ಹಿಡಿಯಿತು, ಆಮೇಲೆ ನಾಲ್ಕು, ಆಮೇಲೆ ಎರಡು. ಐದನೆಯ ತಿಂಗಳು ವರ್ಷಾಂತ್ಯದ ಲೆಕ್ಕಪರಿಶೋಧನೆಯಿಂದಾಗಿ ಒಂಬತ್ತು ದಿನ ಪೂರ್ತಿ ನಿಂತುಹೋಯಿತು. ಹತ್ತನೆಯ ದಿನದ ಪುಟವನ್ನು ಅವರು ನನಗೆ ತೋರಿಸಿದರು: "7 ನಿಮಿಷ. ಕಾಲು ಭಾರ. ಹೋಗಿ ಬಂದೆ." ಆ ಒಂಬತ್ತು ಖಾಲಿ ಸಾಲುಗಳ ಪುಟ ನೋಟ್‌ಬುಕ್ಕಿನಲ್ಲಿ ಹಾಗೆಯೇ ಇತ್ತು.

ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವೂ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ, ಅದನ್ನು ನಾವಿನ್ನೂ ಆರಂಭಿಸಿಲ್ಲ. ವೈದ್ಯರು ಮುಂದಿನ ರಕ್ತಪರೀಕ್ಷೆಯ ಫಲಿತಾಂಶ ನೋಡಿ ಒಪ್ಪಿದ ಮೇಲೆ, ಒಂದೇ ಒಂದು ವ್ಯಾಯಾಮದಿಂದ ಶುರುಮಾಡುವುದೆಂದು ಮಾತಾಗಿದೆ.