ಬೇರೆ ಸೈಕಲ್ ಸವಾರರ ಕೆಟ್ಟ ಸವಾರಿಯನ್ನು ನಾವು ಪ್ರಶ್ನಿಸಬೇಕೇ?

ನೀವು ಕೇಳಿರುವುದು ಇಷ್ಟು: ನೀವು ಸಿಗ್ನಲ್ ಪಾಲಿಸುತ್ತೀರಿ, ಪಾದಚಾರಿಗಳಿಗೆ ದಾರಿ ಬಿಡುತ್ತೀರಿ, ಆದರೆ ನಿಮ್ಮ ಪಕ್ಕದಲ್ಲೇ ಇನ್ನೊಬ್ಬ ಸೈಕಲ್ ಸವಾರ ಕೆಂಪು ದೀಪವನ್ನು ಲೆಕ್ಕಿಸದೆ ನುಗ್ಗಿದಾಗ ನೀವು ಸುಮ್ಮನಿದ್ದರೆ, ನಮಗೆಲ್ಲ ಬರುವ ಕೆಟ್ಟ ಹೆಸರಿಗೆ ನೀವೂ ಪಾಲುದಾರರಾಗುತ್ತೀರಾ, ಅವನನ್ನು ತಡೆದು ಕೇಳುವುದು ನಿಮ್ಮ ಕರ್ತವ್ಯವೇ? ಬಹಳ ಕಾಲದಿಂದ ಸೈಕಲ್ಲಿನಲ್ಲೇ ಓಡಾಡುತ್ತಿರುವ ನಾನು ಹೇಳುವುದಾದರೆ, ಅದು ನಿಮ್ಮ ಕರ್ತವ್ಯವಲ್ಲ. ಬಾಯಿ ಬಿಡಲೇಬೇಕಾದ ಸಂದರ್ಭಗಳು ಇವೆ, ಆದರೆ ಅವುಗಳಿಗೂ ಸೈಕಲ್ ಸವಾರರ ಮಾನಕ್ಕೂ ಸಂಬಂಧವಿಲ್ಲ.

ಮೊದಲು ಈ ಮಾನದ ಮಾತನ್ನೇ ನೋಡೋಣ. ವೇಗದ ಮಿತಿ ಮೀರಿ ಹೋದ ಕಾರಿನ ಬಗ್ಗೆ ಉತ್ತರ ಕೊಡಿ ಎಂದು ಮತ್ತೊಬ್ಬ ಕಾರು ಚಾಲಕನನ್ನು ಯಾರೂ ಕೇಳುವುದಿಲ್ಲ. ಸೈಕಲ್ಲಿನ ವಿಷಯ ಬಂದಾಗ ಮಾತ್ರ, ಒಬ್ಬ ಅಪರಿಚಿತ ಎಲ್ಲೋ ಪಾದಚಾರಿ ಮಾರ್ಗದಲ್ಲಿ ವೇಗವಾಗಿ ಹೋದದ್ದಕ್ಕೆ ಇಲ್ಲಿ ನಿಂತಿರುವ ನೀವು ಸಮಜಾಯಿಷಿ ನೀಡಬೇಕು ಎಂಬ ನಿರೀಕ್ಷೆ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಹೊರಗಿನವರಿಗೆ ಒಂದು ಗುಂಪಿನವರೆಲ್ಲ ಒಂದೇ ಥರ ಕಾಣುವುದು ಮನುಷ್ಯಸಹಜ. ಆ ದೃಷ್ಟಿದೋಷವನ್ನು ನಾವೇ ಒಪ್ಪಿಕೊಂಡು ಕಾವಲುಗಾರರಾಗಿ ನಿಂತರೆ ಅದು ಸರಿಹೋಗುವುದಿಲ್ಲ, ಗಟ್ಟಿಯಾಗುತ್ತದೆ. ನಾವೆಲ್ಲ ನಾಳೆಯಿಂದ ನಿಯಮ ಪಾಲಿಸಿದರೂ, ದೂರುವವರಿಗೆ ದೂರಲು ಬೇರೇನಾದರೂ ಸಿಕ್ಕೇ ಸಿಗುತ್ತದೆ ಎಂಬ ಅನುಮಾನವೂ ನನಗಿದೆ.

ಆದರೆ ಅಪಾಯದ ವಿಷಯವೇ ಬೇರೆ. ಸವಾರನೂ ಸೇರಿ 85 ಕಿಲೋಗ್ರಾಂ ತೂಗುವ ಸೈಕಲ್ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 2,000 ಜೂಲ್. ಗಂಟೆಗೆ 50 ಕಿಲೋಮೀಟರ್ ವೇಗದ 1,400 ಕಿಲೋಗ್ರಾಂ ಕಾರಿನದು ಸುಮಾರು 1,35,000 ಜೂಲ್. ಈ ಅಂತರ ತೋರಿಸಿ 'ನಮ್ಮಿಂದ ಯಾರಿಗೆ ಏನಾಗುತ್ತದೆ' ಎಂದು ವಾದಿಸುವ ಸವಾರರು ಕಡಿಮೆಯೇನಿಲ್ಲ. ಆದರೆ ಆ 2,000 ಜೂಲ್ ತಗಲುವುದು ಕಾರಿಗಲ್ಲ, ನಡೆದು ಹೋಗುತ್ತಿರುವ ಮನುಷ್ಯನಿಗೆ. ವಯಸ್ಸಾದವರಲ್ಲಿ ಬಿದ್ದ ರಭಸಕ್ಕೇ ಸೊಂಟದ ಮೂಳೆ ಮುರಿಯುವುದುಂಟು. ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ 'ಹೈವೇ ಕೋಡ್'ಗೆ 2022ರಲ್ಲಿ ತಂದ ತಿದ್ದುಪಡಿ ಇದನ್ನೇ ಕ್ರಮವಾಗಿ ಹೇಳುತ್ತದೆ: ಹೆಚ್ಚು ಹಾನಿ ಮಾಡಬಲ್ಲವರಿಗೆ ಹೆಚ್ಚು ಹೊಣೆ, ಹಾಗಾಗಿ ಲಾರಿ, ಕಾರುಗಳಿಗೆ ಸೈಕಲ್ಲಿನವರ ಮೇಲೆ ಎಚ್ಚರ ಇರಬೇಕಾದಂತೆಯೇ ಸೈಕಲ್ಲಿನವರಿಗೆ ಪಾದಚಾರಿಗಳ ಮೇಲೆ ಎಚ್ಚರ ಇರಬೇಕು.

ಪಾದಚಾರಿಗಳ ಕಡೆಯಿಂದ ಒಮ್ಮೆ ಗಮನಿಸಿ. ಸೈಕಲ್ ಬರುವಾಗ ಸದ್ದೇ ಆಗುವುದಿಲ್ಲ. ಬಿಳಿ ಕೋಲು ಹಿಡಿದು ನಡೆಯುವವರಿಗೆ ಕಾರು ದೂರದಿಂದಲೇ ಕೇಳಿಸುತ್ತದೆ, ಸೈಕಲ್ ಕೇಳಿಸುವುದು ಮೈಗೆ ಗಾಳಿ ತಾಗಿದ ಮೇಲೆ. ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರ್. ತೀರ ಹತ್ತಿರ ಬಂದು ಬೆಲ್ ಬಾರಿಸಿದರೆ ಬೆಚ್ಚಿದ ವ್ಯಕ್ತಿ ಯಾವ ಕಡೆ ಹೆಜ್ಜೆ ಇಡುತ್ತಾರೆಂಬುದು ಅವರಿಗೂ ತಿಳಿಯದು, ಅನೇಕ ವೇಳೆ ಅದು ಚಕ್ರದ ದಾರಿಗೇ ಇರುತ್ತದೆ. ಹೀಗೆ ಮೂರನೆಯವರ ಮೈಮೇಲೆ ಅಪಾಯ ಬರುವುದನ್ನು ಕಂಡರೆ ನಾನು ಮಾತನಾಡುತ್ತೇನೆ. ಉಳಿದದ್ದಕ್ಕೆ ತಲೆ ಹಾಕುವುದಿಲ್ಲ.

ಏಕೆಂದರೆ ನಿಯಮ ಮುರಿಯುವುದೂ ಕೆಟ್ಟ ಸವಾರಿಯೂ ಯಾವಾಗಲೂ ಒಂದೇ ಅಲ್ಲ. ಅಮೆರಿಕದ ಐಡಹೊ ರಾಜ್ಯದಲ್ಲಿ 1982ರಿಂದಲೂ ಸೈಕಲ್ ಸವಾರರು 'ಸ್ಟಾಪ್' ಫಲಕದ ಬಳಿ ವೇಗ ತಗ್ಗಿಸಿ, ಮೊದಲು ಹೋಗುವ ಹಕ್ಕುಳ್ಳವರು ಯಾರೂ ಇಲ್ಲದಿದ್ದರೆ ನಿಲ್ಲದೆ ಮುಂದುವರಿಯಬಹುದು. ಅದನ್ನೇ ಬೇರೊಂದು ಕಡೆ ಮಾಡಿದರೆ ದಂಡ ಬೀಳುತ್ತದೆ. ಲೇನಿನ ನಡುವೆ ಹೋಗುವ ಸವಾರನನ್ನು ಹಿಂದಿನವರು ಅಹಂಕಾರಿ ಎಂದು ಬೈಯುತ್ತಾರೆ, ಆದರೆ ನಿಂತ ಕಾರಿನ ಬಾಗಿಲು ಏಕಾಏಕಿ ತೆರೆದರೆ ಬಡಿಯದಿರಲಿ ಎಂದು ಅವನು ಅಲ್ಲಿರಬಹುದು. ಬಯ್ಯುವ ಮುನ್ನ ಇದನ್ನೆಲ್ಲ ತೂಗಿ ನೋಡುವಷ್ಟು ವ್ಯವಧಾನ ನಮಗೆ ರಸ್ತೆಯಲ್ಲಿ ಇರುವುದಿಲ್ಲ.

ಮಾತನಾಡುವುದಾದರೆ ಇಬ್ಬರೂ ನಿಂತಿರುವಾಗ ಮಾತ್ರ, ಅಂದರೆ ಸಾಮಾನ್ಯವಾಗಿ ಮುಂದಿನ ಸಿಗ್ನಲ್ಲಿನಲ್ಲಿ. ಓಡುತ್ತಿರುವವನನ್ನು ಹಿಂದಿನಿಂದ ಕೂಗಿದರೆ ಅವನು ತಿರುಗಿ ನೋಡುತ್ತಾನೆ, ಹ್ಯಾಂಡಲ್ ಅತ್ತ ವಾಲುತ್ತದೆ, ಅದೇ ಒಂದು ಅಪಾಯ. 'ನಿಮ್ಮಂಥವರಿಂದ ನಮ್ಮ ಹೆಸರು ಕೆಡುತ್ತಿದೆ' ಎಂದರೆ 'ನಿಮಗೇನು ಸಂಬಂಧ' ಎಂಬ ಉತ್ತರ ಬರುತ್ತದೆ, ಮತ್ತು ಅದು ನ್ಯಾಯವಾದ ಉತ್ತರವೇ. 'ಆ ಅಜ್ಜಿ ದಾಟುತ್ತಿದ್ದರು, ನೀವು ಹೋದ ಮೇಲೆ ರಸ್ತೆ ಮಧ್ಯೆಯೇ ನಿಂತುಬಿಟ್ಟರು' ಎಂದಷ್ಟೇ ಹೇಳಿ ನಾನು ಮುಂದೆ ನೋಡುತ್ತೇನೆ. ಹೀಗೆ ಹೇಳಿದಾಗಲೂ ಸಿಟ್ಟಾಗುವವರು ಇದ್ದಾರೆ; ಆದರೆ ಅವರು ಜಗಳವಾಡಬೇಕಾದದ್ದು ಆಗ ನನ್ನ ಅಭಿಪ್ರಾಯದ ಜೊತೆಗಲ್ಲ, ತಾವೂ ಕಂಡ ಸಂಗತಿಯ ಜೊತೆಗೆ. ಸಿಟ್ಟು ಏರಿದರೆ ಅಲ್ಲಿಗೇ ಬಿಟ್ಟುಬಿಡಿ. ಬೆನ್ನಟ್ಟುವುದು, ಫೋಟೊ ತೆಗೆದು ಹಂಚುವುದು ಬೇಡವೇ ಬೇಡ.

ಸೈಕಲ್ಲಿನ ದೀಪದ ವಿಷಯದಲ್ಲಿ ಇಷ್ಟು ಹಿಂಜರಿಕೆ ಬೇಕಿಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವೇ ಸೈಕಲ್ಲಿಗೆ ಸರಿಯಾದ ಬ್ರೇಕ್, ಬೆಲ್, ಹಿಂದೆ ಕೆಂಪು ಪ್ರತಿಫಲಕ, ಮುಂದೆ ಹಿಂದೆ ದೀಪ ಇರಬೇಕೆನ್ನುತ್ತದೆ, ಆದರೆ ನೀವು ಕಾನೂನು ಎತ್ತುವ ಅಗತ್ಯವಿಲ್ಲ. 'ನಿಮ್ಮ ಹಿಂದಿನ ದೀಪ ಉರಿಯುತ್ತಿಲ್ಲ' ಎಂದರೆ ಹೆಚ್ಚಿನವರು ಅದನ್ನು ಉಪಕಾರವೆಂದೇ ತಿಳಿಯುತ್ತಾರೆ. ದೀಪ ಕೆಟ್ಟಿರುವುದು ಓಡಿಸುವವರಿಗೆ ಕಾಣುವುದೂ ಇಲ್ಲವಲ್ಲ.

ನಿಮ್ಮ ಜೊತೆಗೇ ಸವಾರಿ ಹೊರಟವರ ಮಾತು ಬೇರೆ. ಅಲ್ಲಿ ಸುಮ್ಮನಿರುವುದು ನನ್ನ ಮಟ್ಟಿಗೆ ತಪ್ಪು. ಗುಂಪಿನಲ್ಲಿ ಮುಂದಿದ್ದವನು ಕೆಂಪು ದೀಪ ದಾಟಿದರೆ ಹಿಂದಿನವರು ಹಿಂದುಳಿಯುವ ಭಯಕ್ಕೆ ನೋಡದೆ ನುಗ್ಗುತ್ತಾರೆ. 'ಸಿಗ್ನಲ್ಲಿನಲ್ಲಿ ಗುಂಪು ಒಡೆದರೆ ಆಚೆ ಬದಿಯಲ್ಲಿ ಕಾಯುತ್ತೇವೆ' ಎಂದು ಹೊರಡುವ ಮೊದಲೇ ಒಂದು ಮಾತು ಆಡಿಕೊಂಡರೆ, ಆಮೇಲೆ ಯಾರನ್ನೂ ಗದರಿಸುವ ಪ್ರಮೇಯ ಅಷ್ಟಾಗಿ ಬರುವುದಿಲ್ಲ. ಪರಿಚಿತರ ಮಾತಿಗೆ ಇರುವ ತೂಕ ದಾರಿಹೋಕರ ಬೈಗುಳಕ್ಕೆ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯವನ್ನೂ ಗಮನಿಸಿ: ದಿನವೂ ಒಂದೇ ಜಾಗದಲ್ಲಿ ಸವಾರರೆಲ್ಲ ಪಾದಚಾರಿ ಮಾರ್ಗ ಹತ್ತುತ್ತಿದ್ದರೆ, ಬಹುಶಃ ಅಲ್ಲಿ ರಸ್ತೆ ಇಕ್ಕಟ್ಟಾಗಿ ಪಕ್ಕದಲ್ಲೇ ಭಾರಿ ವಾಹನಗಳು ಉಜ್ಜಿಕೊಂಡು ಹೋಗುತ್ತಿರುತ್ತವೆ. ಅಂಥ ಕಡೆ ಒಬ್ಬೊಬ್ಬರನ್ನೇ ನಿಲ್ಲಿಸಿ ಬುದ್ಧಿ ಹೇಳುವ ಬದಲು, ಆ ಜಾಗದ ವಿವರ ಬರೆದು ರಸ್ತೆ ನೋಡಿಕೊಳ್ಳುವ ಇಲಾಖೆಗೆ ದೂರು ಕೊಡಿ.