ಸಂಪಾದಕರ ಉತ್ತರ: ಕೋಲದ ಅಂಗಳದಲ್ಲಿ ಪ್ರವಾಸಿ

ಜಯನಗರದ ಓದುಗರೊಬ್ಬರ ಪತ್ರದ ಸಾರಾಂಶ: ದಕ್ಷಿಣ ಕನ್ನಡದ ಹಳ್ಳಿಯೊಂದರ ಭೂತಕೋಲಕ್ಕೆ ಸಂಸಾರಸಮೇತ ಹೋಗಿದ್ದಾಗ, ಮೊಬೈಲ್ ಎತ್ತಿದೊಡನೆ ಕೋಲ ನಡೆಸುತ್ತಿದ್ದ ಮನೆಯವರು ಬೇಡವೆಂದು ತಡೆದರು, ಮಕ್ಕಳೆದುರು ಮುಖಭಂಗವಾಯಿತು. ನಮ್ಮದೇ ನಾಡಿನ ಕಲೆ ನಮಗೇಕೆ ನಿಷಿದ್ಧ? ಪ್ರವಾಸಿಗರು ನೋಡಬಹುದಾದ ಇಂಥ ಹಬ್ಬಗಳ ಪಟ್ಟಿಯನ್ನು ನೀವು ದಿನಾಂಕಸಹಿತ ಪ್ರಕಟಿಸಬಾರದೇ?

ಮಾನ್ಯರೇ,

ಅಷ್ಟು ದೂರ ಹೋಗಿ ಹೀಗಾದರೆ ಯಾರಿಗಾದರೂ ಬೇಸರವಾದೀತು. ಆದರೂ ಈ ವಿಷಯದಲ್ಲಿ ನಾವು ಮನೆಯವರ ಪಕ್ಷ. ಎಣ್ಣೆಬೂಳ್ಯ (ಕೋಲಕ್ಕೆ ಮೊದಲು ಕೊಡುವ ಎಣ್ಣೆ, ವೀಳ್ಯ) ಪಡೆದು, ದೈವದ ಕಥೆ ಹೇಳುವ ಪಾಡ್ದನದ ಹಾಡಿನ ನಡುವೆ ಬಣ್ಣ ಹಚ್ಚಿಕೊಂಡು, ಕಾಲಿಗೆ ಗಗ್ಗರವೆಂಬ ಕಡಗ ಕಟ್ಟಿ, ಬೆನ್ನಿಗೆ ಅಣಿಯೆಂಬ ದೊಡ್ಡ ಪ್ರಭಾವಳಿ ಏರಿಸಿಕೊಂಡು ನಿಂತವರನ್ನು ಅಲ್ಲಿ ಸೇರಿದವರು ಕಲಾವಿದರೆಂದು ನೋಡುವುದಿಲ್ಲ, ದೈವವೆಂದು ಕೈಮುಗಿಯುತ್ತಾರೆ. ದೈವದ ನುಡಿಯಾಗುವ ಹೊತ್ತಿನಲ್ಲಿ ಆಸ್ತಿಯ ತಕರಾರು, ನಿಂತುಹೋದ ಮದುವೆ, ವಾಸಿಯಾಗದ ಕಾಯಿಲೆ ಎಲ್ಲವೂ ದೈವದ ಮುಂದೆ ಬಿಚ್ಚಿಕೊಳ್ಳುತ್ತವೆ. ನಮ್ಮ ಮನೆಯ ಇಂಥ ಮಾತುಗಳನ್ನು ಪರಊರಿನವರು ಚಿತ್ರೀಕರಿಸಿಕೊಂಡರೆ ನಾವು ಸುಮ್ಮನಿರುತ್ತಿದ್ದೆವೇ? ಇನ್ನೊಂದು ಸಂಗತಿ: ದೈವ ಕಟ್ಟುವ ಪರವ, ಪಂಬದ, ನಲಿಕೆ ಸಮುದಾಯದವರು ರಾತ್ರಿ ಪೂಜಿತರಾಗಿ, ಬೆಳಗಾದ ಮೇಲೆ ಅಸ್ಪೃಶ್ಯತೆಯನ್ನು ಅನುಭವಿಸಿದವರು. ಬಣ್ಣದ ಮುಖದ ಚಿತ್ರದಲ್ಲಿ ಇದು ಕಾಣುವುದಿಲ್ಲ.

ಹಾಗಾಗಿ ಮನೆತನದ ಕೋಲಗಳ ಪಟ್ಟಿಯನ್ನಾಗಲಿ, ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ (ಹಾಡಿಗಳಲ್ಲಿ) ಸೋಲಿಗ ಬುಡಕಟ್ಟಿನವರು ಹೊಸ ರಾಗಿಗೆ ಮಾಡುವ ರೊಟ್ಟಿಹಬ್ಬದ ದಿನಾಂಕವನ್ನಾಗಲಿ ನಾವು ಪ್ರಕಟಿಸುವುದಿಲ್ಲ. ಅಲ್ಲಿಗೆ ಅಲ್ಲಿನವರು ಕರೆದರೆ ಹೋಗಬೇಕು.

ಕರೆಯದೆಯೂ ಹೋಗಬಹುದಾದದ್ದು ನಿಮ್ಮ ಮನೆಯ ಹತ್ತಿರವೇ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೂವಿನ ಕರಗ ಹೊರಡುತ್ತದೆ. ತಿಗಳ ಸಮುದಾಯದ ಪೂಜಾರಿ ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯಲ್ಲಿ ಮುಚ್ಚಿಹೋದ ಕರಗವನ್ನು ತಲೆಯ ಮೇಲೆ ಹೊತ್ತು ಬರುವಾಗ, ಸುತ್ತಲೂ ಕಾವಲಿಗಿರುವ ವೀರಕುಮಾರರ ಹಿರಿದ ಕತ್ತಿಗಳಿರುತ್ತವೆ. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾಗುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತದೆ. ನೂಕುನುಗ್ಗಲು ವಿಪರೀತ, ಮಕ್ಕಳೊಂದಿಗೆ ಹೋಗುವವರು ದೇವಸ್ಥಾನದ ಬಾಗಿಲಲ್ಲಿ ಕಾಯುವುದಕ್ಕಿಂತ ದಾರಿಯಲ್ಲೆಲ್ಲಾದರೂ ಜಗಲಿಯೊಂದನ್ನು ಹಿಡಿದು ಕೂರುವುದು ಮೇಲು. ವೀರಕುಮಾರರಿಗೆ ಮಾತ್ರ ದಾರಿ ಬಿಡಲೇಬೇಕು. ಸೆಲ್ಫಿಗಾಗಿ ಅವರ ನಡುವೆ ನುಗ್ಗುವವರನ್ನು ನೋಡಿದರೆ ನಮಗೂ ಸಿಟ್ಟು ಬರುತ್ತದೆ.

ಕಲೆಯನ್ನು ಕಲೆಯಾಗಿಯೇ ನೋಡುವುದಾದರೆ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಿದೆ. ಅಲ್ಲಿನ ತೊಗಲುಗೊಂಬೆಗಳನ್ನೂ ವಾದ್ಯಗಳನ್ನೂ ಮಕ್ಕಳಿಗೆ ತೋರಿಸಲು ಒಂದು ಭಾನುವಾರ ಸಾಕು.

ಕರಾವಳಿಗೇ ಹೋಗಬೇಕೆಂದಿದ್ದರೆ ಯಕ್ಷಗಾನದ ಹರಕೆಯಾಟವನ್ನು ಆರಿಸಿಕೊಳ್ಳಿ. ಅದು ದೇವರ ಸೇವೆಯೂ ಹೌದು, ಊರವರೆಲ್ಲರಿಗೆ ಆಟವೂ ಹೌದು. ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂತು ನೋಡಬಹುದು. ಸ್ವಲ್ಪ ಬೇಗ ಹೋಗಿ, ಅನುಮತಿ ಕೇಳಿ, ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ಒಂದು ಬದಿಗೆ ನಿಂತರೆ, ಪುಟ್ಟ ಕನ್ನಡಿ ಹಿಡಿದು ವೇಷಧಾರಿ ತನ್ನ ಮುಖವನ್ನು ಗೆರೆಗೆರೆಯಾಗಿ ರಕ್ಕಸನನ್ನಾಗಿ ಮಾಡಿಕೊಳ್ಳುವುದನ್ನು ಮಕ್ಕಳು ಕಣ್ಣಾರೆ ಕಂಡಾರು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳಗಳು ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ದಿನಕ್ಕೆ ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತವೆ. ಬೇಸಿಗೆ ರಜೆ ಶುರುವಾದೊಡನೆ ಹೊರಟರೆ ಆಟ ಸಿಗುತ್ತದೆ.

– ಸಂ.